ಬಾಳಿನ ಎಂಟು ಸಂಧಿಗಳು

ಮನುಷ್ಯನು ಹುಟ್ಟಿದಂದಿನಿಂದ ಬೆಳೆಯುತ್ತಿರುವನೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಈ ಬೆಳವಣಿಗೆಯು ಎಲ್ಲಿಗೆ ನಿಲ್ಲುವುದು? ದೇಹದ ಎತ್ತರವು ಇಪ್ಪತ್ತರ ಸುಮಾರಿಗೆ ನಿಂತುಹೋಗುವುದು. ಅದನ್ನು ಕಂಡು ಮನಸ್ಸಿನ ಬೆಳವಣಿಗೆಯೂ ಅಲ್ಲಿಗೇ ಮುಗಿಯಿತೆಂದು ಬಹುಮಂದಿ ಭಾವಿಸುವರು. ಮಕ್ಕಳನ್ನು ಸಲಹುವುದೆಂದರೆ ಬೆಳೆದು ಮುಗಿದವರು ಬೆಳೆಯದವರನ್ನು ತಿದ್ದುವ ಕಾರ್ಯವೆಂದು ಗೃಹಸ್ಥನು ತಿಳಿದಿರುವನು. ಮಗನ ಓದು, ಮಗಳ ಮದುವೆ, ತಂದೆತಾಯಿಗಳ ಮುಪ್ಪು ಇವೆಲ್ಲವೂ ಬೇರೆಯವರ ಬಾಳಿನ ಸಂಗತಿಗಳೆಂದೂ, ತಾನು ಮಾತ್ರ ನಡುಗಂಬದಂತೆ ನಿಂತು ಅವುಗಳನ್ನು ನಿರ್ವಹಿಸುವವನೆಂದೂ ಅವನ ಎಣಿಕೆ.

ಈ ಎಣಿಕೆಯು ಸರಿಯಲ್ಲವೆಂದು ಇಪ್ಪತ್ತನೆಯ ಶತಮಾನದಲ್ಲಿ ಸ್ಪಷ್ಟವಾಗಿ ತೋರಿಸಿದ ಮನಶ್ಶಾಸ್ತ್ರಜ್ಞರಲ್ಲಿ ಎರಿಕ್ ಎರಿಕ್ಸನ್ನರು ಪ್ರಮುಖರು. ತೊಟ್ಟಿಲಿನಿಂದ ಮುಪ್ಪಿನ ಕೊನೆಯವರೆಗೆ ಮನುಷ್ಯನು ಎಂಟು ಸಂಧಿಗಳನ್ನು ದಾಟಬೇಕಾಗುವುದೆಂದೂ, ಪ್ರತಿಯೊಂದು ಸಂಧಿಯಲ್ಲಿಯೂ ಒಂದು ಹೊಸ ಬಲವನ್ನು ಗಳಿಸಬೇಕಾಗುವುದೆಂದೂ ಅವರು ಪ್ರತಿಪಾದಿಸಿದರು. ಒಂದು ಮನೆಯಲ್ಲಿ ಅಜ್ಜ, ತಂದೆ, ಮಗ, ಮೊಮ್ಮಗು ಒಟ್ಟಿಗೆ ಬಾಳುತ್ತಿದ್ದರೆ, ಆ ನಾಲ್ವರೂ ಏಕಕಾಲದಲ್ಲಿ ತಮ್ಮತಮ್ಮ ಸಂಧಿಗಳನ್ನು ದಾಟುತ್ತಿರುವರು. ಒಬ್ಬರ ದಾಟುವಿಕೆಯು ಮತ್ತೊಬ್ಬರ ಕೈಯಾಸರೆಯನ್ನು ಅವಲಂಬಿಸಿರುವುದು. ಅವರ ಸಿದ್ಧಾಂತದ ತಿರುಳು ಇದೇ ಆಗಿದೆ. ಗೃಹಸ್ಥರು ಇದನ್ನು ಅರಿತುಕೊಳ್ಳುವುದು ಹಿತಕರ.

ಎರಿಕ್ಸನ್ನರು ಯಾರು?

ಅವರು ೧೯೦೨ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಸಮೀಪ ಜನಿಸಿದರು. ತಾಯಿ ಕಾರ್ಲಾ ಡೆನ್ಮಾರ್ಕಿನ ಯಹೂದ್ಯ ಮನೆತನದವರು. ಹೆತ್ತ ತಂದೆ ಯಾರೆಂಬುದು ಮಗನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮಗುವಿಗೆ ಮೂರು ವರ್ಷವಾದಾಗ, ೧೯೦೫ರಲ್ಲಿ, ತಾಯಿಯು ಕಾರ್ಲ್ಸ್‌ರೂಹೆ ನಗರದ ಮಕ್ಕಳ ವೈದ್ಯರಾದ ಥಿಯೊಡೋರ್ ಹೋಂಬರ್ಗರರನ್ನು ವಿವಾಹವಾದರು. ಅವರೇ ನಿನ್ನ ತಂದೆಯೆಂದು ಬಾಲಕನಿಗೆ ಹೇಳಲಾಗಿತ್ತು. ಆದರೆ ಹೊಂಬಣ್ಣದ ಕೂದಲು, ನೀಲಿ ಕಣ್ಣುಗಳ ಆ ಬಾಲಕನನ್ನು ಯಹೂದ್ಯರ ಪ್ರಾರ್ಥನಾಮಂದಿರದಲ್ಲಿ ಜೊತೆಯ ಹುಡುಗರು ಅನ್ಯನೆಂದು ಹಾಸ್ಯಮಾಡುತ್ತಿದ್ದರು. ಶಾಲೆಯಲ್ಲಿಯಾದರೋ ಅವನು ಯಹೂದ್ಯನೆಂದು ಹಳಿಸಿಕೊಳ್ಳುತ್ತಿದ್ದನು. ತಾನು ಯಾರು ಎಂಬ ಪ್ರಶ್ನೆಯು ಅವರಿಗೆ ಗ್ರಂಥದಿಂದ ಬಂದುದಲ್ಲ, ಬಾಳಿನಿಂದಲೇ ಬಂದುದು.

ಪ್ರೌಢಶಾಲೆಯ ತರುವಾಯ ಅವರು ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆಯಲಿಲ್ಲ. ಚಿತ್ರಕಲೆಯನ್ನು ಅಭ್ಯಸಿಸುತ್ತ ಕೆಲವು ವರ್ಷ ಅಲೆದಾಡಿದರು. ೧೯೨೭ರಲ್ಲಿ ಮಿತ್ರನೊಬ್ಬನ ಕರೆಯಂತೆ ವಿಯೆನ್ನಾ ನಗರಕ್ಕೆ ಹೋಗಿ ಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯರಾದರು. ಅಲ್ಲಿ ಮನೋವಿಶ್ಲೇಷಣ ಶಾಸ್ತ್ರದ ಪ್ರವರ್ತಕರಾದ ಸಿಗ್ಮಂಡ್ ಫ್ರಾಯ್ಡರ ಮಗಳು ಆನಾ ಫ್ರಾಯ್ಡರಿಂದ ಆ ಶಾಸ್ತ್ರದಲ್ಲಿ ಶಿಕ್ಷಣ ದೊರೆಯಿತು. ೧೯೩೦ರಲ್ಲಿ ಕೆನಡಾ ದೇಶದ ಜೋನ್ ಸರ್ಸನ್ನರನ್ನು ವಿವಾಹವಾದರು. ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ಕಾಲದಲ್ಲಿ ದಂಪತಿಗಳು ವಿಯೆನ್ನಾವನ್ನು ಬಿಟ್ಟು ಅಮೆರಿಕವನ್ನು ಸೇರಿದರು. ೧೯೩೯ರಲ್ಲಿ ಅಲ್ಲಿಯ ಪೌರತ್ವವನ್ನು ಪಡೆದಾಗ ಅವರು ಎರಿಕ್ಸನ್ ಎಂಬ ಮನೆತನದ ಹೆಸರನ್ನು ಧರಿಸಿದರು. ಎರಿಕ್ಸನ್ ಎಂದರೆ ಎರಿಕನ ಮಗ ಎಂದರ್ಥ. ೧೯೫೦ರಲ್ಲಿ ‘ಬಾಲ್ಯ ಮತ್ತು ಸಮಾಜ’ ಎಂಬ ಅರ್ಥದ ಹೆಸರುಳ್ಳ ಅವರ ಮೊದಲ ಗ್ರಂಥವು ಪ್ರಕಟವಾಯಿತು. ಎಂಟು ಸಂಧಿಗಳ ವಿವೇಚನೆಯು ಅದರಲ್ಲಿದೆ. ೧೯೬೦ರಲ್ಲಿ, ಯಾವ ಪದವಿಯೂ ಇಲ್ಲದ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯವು ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು.

ಸಿದ್ಧಾಂತದ ತಳಹದಿ

ಫ್ರಾಯ್ಡರು ಮಗುವಿನ ಬೆಳವಣಿಗೆಯಲ್ಲಿ ಹಂತಗಳನ್ನು ಗುರುತಿಸಿದ್ದರು. ಆದರೆ ಆ ಹಂತಗಳು ತಾರುಣ್ಯದ ಹೊಸ್ತಿಲಲ್ಲಿ ಮುಗಿಯುವುವು. ದೇಹದ ಸಹಜಪ್ರವೃತ್ತಿಗಳೇ ಅವುಗಳಿಗೆ ಮುಖ್ಯ ಆಧಾರ. ಎರಿಕ್ಸನ್ನರು ಅವುಗಳನ್ನು ಎರಡು ವಿಧದಲ್ಲಿ ವಿಸ್ತರಿಸಿದರು. ಮೊದಲನೆಯದಾಗಿ, ಬೆಳವಣಿಗೆಯ ಅವಧಿಯನ್ನು ಮುಪ್ಪಿನವರೆಗೆ ಒಯ್ದರು. ಎರಡನೆಯದಾಗಿ, ಮನಸ್ಸು ಬೆಳೆಯುವುದು ತಾಯಿತಂದೆ, ಗುರು, ನೆರೆಹೊರೆ, ಸಮಾಜ ಇವುಗಳ ನಡುವೆಯೇ ಎಂಬುದನ್ನು ಒತ್ತಿ ಹೇಳಿದರು. ಅದರಿಂದಲೇ ಈ ಹಂತಗಳಿಗೆ ಮನೋಸಾಮಾಜಿಕ ಹಂತಗಳೆಂಬ ಹೆಸರು ಸಂದಿತು.

ಗರ್ಭದಲ್ಲಿರುವ ಶಿಶುವಿನ ಅಂಗಗಳು ಒಂದೇ ಸಲಕ್ಕೆ ಮೂಡುವುದಿಲ್ಲ. ಪ್ರತಿಯೊಂದು ಅಂಗಕ್ಕೂ ಅದು ರೂಪುಗೊಳ್ಳುವ ನಿಯತಕಾಲವಿದೆ, ಕ್ರಮವೂ ಇದೆ. ಮನಸ್ಸಿನ ಬಲಗಳೂ ಹಾಗೆಯೇ. ಒಂದೊಂದು ವಯಸ್ಸಿನಲ್ಲಿ ಒಂದೊಂದು ಬಲವು ತಲೆಯೆತ್ತುವ ಹೊತ್ತು ಬರುವುದು. ಆಗ ಪರಸ್ಪರ ವಿರುದ್ಧವಾದ ಎರಡು ಸೆಳೆತಗಳು ಮನಸ್ಸಿನಲ್ಲಿ ಎದುರಾಗುವುವು. ಇದನ್ನೇ ಎರಿಕ್ಸನ್ನರು ಸಂಧಿಕಾಲವೆಂದು ಕಂಡರು. ಅದು ವಿಪತ್ತಲ್ಲ, ದಾರಿಯು ಕವಲೊಡೆಯುವ ಎಡೆ.

ಇಲ್ಲಿ ಎರಡು ತಪ್ಪುತಿಳಿವಳಿಕೆಗಳಿಗೆ ಎಡೆಗೊಡಬಾರದು. ಒಳ್ಳೆಯ ಸೆಳೆತವು ಗೆದ್ದು ಕೆಟ್ಟದ್ದು ನಿರ್ಮೂಲವಾಗಬೇಕೆಂದು ಎರಿಕ್ಸನ್ನರು ಹೇಳಲಿಲ್ಲ. ಎಲ್ಲರನ್ನೂ ಎಲ್ಲವನ್ನೂ ನಂಬುವವನು ಮೋಸಹೋಗುವನು. ಸ್ವಲ್ಪ ಅವಿಶ್ವಾಸವು ಬಾಳಿಗೆ ಬೇಕು. ತೂಕವು ಒಳ್ಳೆಯದರ ಕಡೆಗೆ ವಾಲಿದರೆ ಸಾಕು. ಎರಡನೆಯದು, ಒಂದು ಸಂಧಿಯಲ್ಲಿ ಸೋತವನಿಗೆ ಮುಂದೆ ಗತಿಯಿಲ್ಲವೆಂಬ ಭಾವನೆ. ಹಿಂದೆ ಉಳಿದ ಕೊರತೆಯನ್ನು ಮುಂದಿನ ಸಂಧಿಯಲ್ಲಿ ತುಂಬಿಕೊಳ್ಳುವ ಅವಕಾಶವುಂಟು. ಹಿಂದೆ ಗಳಿಸಿದುದನ್ನು ಮುಂದೆ ಕಳೆದುಕೊಳ್ಳುವ ಅಪಾಯವೂ ಉಂಟು. ವಯಸ್ಸಿನ ಗಡಿಗಳೂ ಸ್ಥೂಲವಾದವುಗಳೇ ಹೊರತು ಗೆರೆ ಕೊರೆದಂತಹವಲ್ಲ.

ಬಾಲ್ಯದ ನಾಲ್ಕು ಸಂಧಿಗಳು

ಮೊದಲನೆಯದು ವಿಶ್ವಾಸ ಮತ್ತು ಅವಿಶ್ವಾಸಗಳ ಸಂಧಿ. ಹುಟ್ಟಿದಂದಿನಿಂದ ಸುಮಾರು ಒಂದೂವರೆ ವರ್ಷದವರೆಗೆ ಇದರ ಕಾಲ. ಹಸಿದಾಗ ಹಾಲು, ಅತ್ತಾಗ ಎತ್ತಿಕೊಳ್ಳುವ ಕೈ, ಮತ್ತೆ ಮತ್ತೆ ಕಾಣುವ ಅದೇ ಮುಖ ಇವುಗಳಿಂದ ಲೋಕವು ನಂಬತಕ್ಕದ್ದೆಂಬ ಅರಿವು ಶಿಶುವಿನಲ್ಲಿ ಮಾತಿಗೆ ಮುಂಚೆಯೇ ನೆಲೆಗೊಳ್ಳುವುದು. ತಾಯಿಯು ಕಣ್ಮರೆಯಾದರೂ ಶಿಶುವು ಕಂಗೆಡದೆ ಇರಬಲ್ಲುದಾದರೆ, ಅದು ಅದರ ಮೊದಲ ಸಾಧನೆ. ಇಲ್ಲಿ ಹುಟ್ಟುವ ಬಲವು ಭರವಸೆ.

ಈ ವಿಶ್ವಾಸವನ್ನು ಶಿಶುವಿಗೆ ಕೊಡಬೇಕಾದ ತಾಯಿತಂದೆಗಳಿಗೆ ತಮ್ಮದೇ ಆದ ಒಂದು ಶ್ರದ್ಧೆ ಬೇಕು. ಇದಕ್ಕೆ ಶತಮಾನಗಳಿಂದ ಆಸರೆಯಾಗಿ ಬಂದುದು ಧರ್ಮವೆಂದು ಎರಿಕ್ಸನ್ನರು ಗುರುತಿಸಿರುವರು. ಆದರೆ ಅವರ ಮಾತಿನಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಧರ್ಮವುಂಟೆಂದು ಹೇಳಿಕೊಳ್ಳುವವನು ಅದರಿಂದ ತನ್ನ ಶಿಶುವಿಗೆ ಮುಟ್ಟುವಂತಹ ಶ್ರದ್ಧೆಯನ್ನು ಪಡೆದಿರಬೇಕು. ಧರ್ಮವು ತನಗೆ ಬೇಡವೆನ್ನುವವನು ಅಂತಹ ಶ್ರದ್ಧೆಯನ್ನು ಬೇರೆಡೆಯಿಂದಲಾದರೂ ತರಬೇಕು. ಪೂಜೆಯು ಮುಗಿದೊಡನೆ ಮನೆಯವರ ಮೇಲೆ ಸಿಡಿದೇಳುವವನ ಧರ್ಮವು ತೊಟ್ಟಿಲವರೆಗೆ ಮುಟ್ಟಲಿಲ್ಲವೆಂದೇ ತಿಳಿಯಬೇಕು.

ಎರಡನೆಯದು ಸುಮಾರು ಮೂರು ವರ್ಷದವರೆಗಿನ ಕಾಲ. ಮಗುವು ನಡೆಯುವುದು, ಮಾತನಾಡುವುದು, ‘ನಾನೇ ಮಾಡುವೆನು’ ಎಂದು ಹಟ ಹಿಡಿಯುವುದು. ಹಿಡಿಯುವುದೂ ಬಿಡುವುದೂ ತನ್ನ ವಶದಲ್ಲಿವೆಯೆಂದು ಕಂಡುಕೊಳ್ಳುವುದು. ಸ್ವಾಧೀನತೆಯು ಒಂದು ಕಡೆ, ನಾಚಿಕೆ ಮತ್ತು ಸಂದೇಹಗಳು ಮತ್ತೊಂದು ಕಡೆ ಇಲ್ಲಿ ಎದುರಾಗುವುವು. ಉಣ್ಣುವಾಗ ಚೆಲ್ಲಿದುದಕ್ಕೆ, ಬಟ್ಟೆ ಒದ್ದೆಮಾಡಿಕೊಂಡುದಕ್ಕೆ ಹತ್ತು ಜನರ ಎದುರಿಗೆ ಮಗುವನ್ನು ಹೀಯಾಳಿಸಿದರೆ, ಅದು ತನ್ನ ಶಕ್ತಿಯನ್ನೇ ಶಂಕಿಸತೊಡಗುವುದು. ದೃಢವಾಗಿಯೂ ಮೃದುವಾಗಿಯೂ ತಡೆಯುವ ಹಿರಿಯರಿದ್ದರೆ ಸಂಕಲ್ಪಬಲವು ಹುಟ್ಟುವುದು.

ಮೂರನೆಯದು ಐದಾರು ವರ್ಷದವರೆಗಿನ ಆಟದ ವಯಸ್ಸು. ಮಗುವು ತಾನಾಗಿ ಒಂದಕ್ಕೆ ತೊಡಗುವುದು, ಕಾಣದುದನ್ನು ಕಲ್ಪಿಸುವುದು, ಕೊನೆಯಿಲ್ಲದೆ ಪ್ರಶ್ನಿಸುವುದು. ಇಲ್ಲಿ ಉತ್ಸಾಹಕ್ಕೂ ಅಪರಾಧಭಾವಕ್ಕೂ ಎದುರು. ಅಂತಸ್ಸಾಕ್ಷಿಯು ಮೊಳೆಯುವ ಕಾಲವಿದು. ಪ್ರತಿಯೊಂದು ತೊಡಗುವಿಕೆಯೂ ತಪ್ಪೆಂದೆನಿಸಿದರೆ ಮಗುವು ತನ್ನ ಮನಸ್ಸಿಗೇ ಕಠಿಣ ನ್ಯಾಯಾಧೀಶನಾಗುವುದು. ಆಟಕ್ಕೆ ಎಡೆಯಿದ್ದರೆ ಧ್ಯೇಯವೆಂಬ ಬಲವು ಲಭಿಸುವುದು.

ನಾಲ್ಕನೆಯದು ಶಾಲೆಯ ವಯಸ್ಸು, ಸುಮಾರು ಹನ್ನೆರಡರವರೆಗೆ. ಶಾಲೆಗಳಿಲ್ಲದ ಸಮಾಜಗಳಲ್ಲಿಯೂ ಈ ವಯಸ್ಸಿನ ಮಕ್ಕಳಿಗೆ ಹಿರಿಯರು ಕ್ರಮವಾಗಿ ಕೆಲಸವನ್ನು ಕಲಿಸುವರು. ಶ್ರಮಶೀಲತೆಯು ಕೀಳರಿಮೆಯ ಎದುರು ನಿಲ್ಲುವ ಕಾಲವಿದು. ಒಂದನ್ನು ಆರಂಭದಿಂದ ಕೊನೆಯವರೆಗೆ ಮಾಡಿ ಮುಗಿಸಿದ ಸಂತೋಷವು ಮಗುವಿಗೆ ದೊರೆತರೆ ಸಾಮರ್ಥ್ಯವೆಂಬ ಬಲ ಬರುವುದು. ನೆರೆಮನೆಯ ಹುಡುಗನ ಅಂಕಗಳನ್ನು ದಿನವೂ ಮುಂದಿಟ್ಟು ಅಳೆದರೆ ಕೀಳರಿಮೆಯು ಬೇರೂರುವುದು. ಇದರ ಇನ್ನೊಂದು ಮಗ್ಗುಲನ್ನೂ ಎರಿಕ್ಸನ್ನರು ಕಂಡಿದ್ದರು. ಕೆಲಸವೊಂದೇ ಮನುಷ್ಯನ ಬೆಲೆಯೆಂದು ಕಲಿತ ಮಗುವು ಮುಂದೆ ತನ್ನ ದುಡಿಮೆಗೆ ತಾನೇ ದಾಸನಾಗುವ ಭಯವುಂಟು.

ಮಕ್ಕಳನ್ನು ಸಲಹುವ ವಿಧಾನವು ಎಲ್ಲೆಡೆಯೂ ಒಂದೇ ಆಗಿರಬೇಕೇ? ಈ ಪ್ರಶ್ನೆಗೆ ಎರಿಕ್ಸನ್ನರು ಅಮೆರಿಕದ ಮೂಲನಿವಾಸಿಗಳ ನಡುವೆ ಉತ್ತರವನ್ನು ಅರಸಿದರು. ೧೯೩೮ರಲ್ಲಿ ದಕ್ಷಿಣ ಡಕೋಟಾ ಪ್ರಾಂತದ ಪೈನ್ ರಿಜ್ ಎಂಬಲ್ಲಿ ಸೂ ಜನರನ್ನೂ, ಅನಂತರ ಪಶ್ಚಿಮ ತೀರದ ಕ್ಲಾಮತ್ ನದಿಯ ದಡದಲ್ಲಿ ಮೀನು ಹಿಡಿದು ಬಾಳುವ ಯೂರಾಕ್ ಜನರನ್ನೂ ಕಂಡರು. ಸೂ ತಾಯಂದಿರು ಮಗುವಿಗೆ ಬಹುಕಾಲ, ಅದು ಬಯಸಿದಾಗಲೆಲ್ಲ, ಹಾಲೂಡುತ್ತಿದ್ದರು. ಕೊಡುಗೈಯೇ ಅವರ ಸಮಾಜದ ಹಿರಿಯ ಗುಣವಾಗಿತ್ತು. ಯೂರಾಕರು ಮಗುವಿಗೆ ಬೇಗನೆ ಹಾಲು ಬಿಡಿಸಿ, ಉಣ್ಣುವಾಗ ಮಿತವನ್ನೂ ಶಿಸ್ತನ್ನೂ ಕಲಿಸುತ್ತಿದ್ದರು. ಎರಡೂ ರೀತಿಗಳು ಆಯಾ ಜನರ ಬಾಳಿಗೆ ಒಪ್ಪುತ್ತಿದ್ದುವು. ಆದರೆ ಕಾಡೆಮ್ಮೆಗಳ ಬೇಟೆಯು ಅಳಿದುಹೋಗಿ, ಸೂ ಮಕ್ಕಳು ಸರಕಾರದ ಶಾಲೆಗಳನ್ನು ಸೇರಿದಾಗ, ಮನೆಯಲ್ಲಿ ಕಲಿತ ಕೊಡುಗೈಯು ಅಲ್ಲಿ ದೋಷವೆನಿಸಿತು. ಕೂಡಿಡುವುದೂ ಸ್ಪರ್ಧಿಸುವುದೂ ಗುಣವೆನಿಸಿದುವು. ಮಕ್ಕಳು ಎರಡು ಕಡೆಗೂ ಸಲ್ಲದೆ ಮಂಕಾದರು. ಹಿರಿಯರು ತಾವು ಮಾಡುವುದರಲ್ಲಿ ಅರ್ಥವಿದೆಯೆಂದು ನಂಬಿರಬೇಕು, ಆ ಅರ್ಥವನ್ನು ಸಮಾಜವೂ ಎತ್ತಿಹಿಡಿಯಬೇಕು. ಆಗಲೇ ಮಗುವಿಗೆ ಬಲವೆಂಬುದು ಇದರಿಂದ ವಿದಿತವಾಗುವುದು.

ತಾರುಣ್ಯದ ಸಂಧಿ

ಐದನೆಯದು ಎರಿಕ್ಸನ್ನರ ಹೆಸರನ್ನು ಜಗತ್ತಿಗೆ ಪರಿಚಯಿಸಿದ ಸಂಧಿ. ತನ್ನತನದ ಅರಿವಿಗೂ ಪಾತ್ರಗೊಂದಲಕ್ಕೂ ಇಲ್ಲಿ ಎದುರು. ಎರಡನೆಯ ಮಹಾಯುದ್ಧದಿಂದ ಮನಸ್ಸು ಕದಡಿ ಹಿಂತಿರುಗಿದ ಸೈನಿಕರಿಗೆ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಚಿಕಿತ್ಸೆ ಮಾಡುತ್ತಿದ್ದಾಗ ಅವರು ಒಂದು ವಿಷಯವನ್ನು ಗಮನಿಸಿದರು. ಅವರಿಗೆ ತಮ್ಮ ಹೆಸರು ಗೊತ್ತಿತ್ತು, ಹಿಂದಿನದು ನೆನಪಿತ್ತು. ಆದರೆ ನಿನ್ನೆಯ ತಾನೂ ಇಂದಿನ ತಾನೂ ಒಬ್ಬನೇ ಎಂಬ ಅಖಂಡತೆಯು ಕಡಿದುಹೋಗಿತ್ತು. ಇದೇ ಕೊರತೆಯು ಬೇರೊಂದು ಮಟ್ಟಿಗೆ ತರುಣರೆಲ್ಲರಲ್ಲಿಯೂ ತಾತ್ಕಾಲಿಕವಾಗಿ ಕಾಣುವುದೆಂದು ಅವರಿಗೆ ಹೊಳೆಯಿತು.

ತರುಣನು ಇಂದು ಒಬ್ಬನಂತೆ, ನಾಳೆ ಮತ್ತೊಬ್ಬನಂತೆ ನಡೆಯುವನು. ಹಿರಿಯರಿಗೆ ಇದು ಉಡಾಫೆಯಾಗಿ ಕಾಣುವುದು. ಆದರೆ ಈ ಅಲೆದಾಟಕ್ಕೆ ಸಮಾಜವು ಒಂದಿಷ್ಟು ಅವಧಿಯನ್ನು ಕೊಡಬೇಕೆಂದು ಎರಿಕ್ಸನ್ನರ ಮತ. ಈ ಸಂಧಿಯಲ್ಲಿ ದೊರೆಯುವ ಬಲವು ನಿಷ್ಠೆ. ತನ್ನನ್ನು ತಾನು ಅರಿತವನು ಮಾತ್ರ ಮತ್ತೊಂದಕ್ಕೆ ನಿಷ್ಠನಾಗಬಲ್ಲನು.

ಜೇಮ್ಸ್ ಮಾರ್ಷಿಯಾ ಎಂಬ ಮನಶ್ಶಾಸ್ತ್ರಜ್ಞರು ೧೯೬೬ರಲ್ಲಿ ಈ ವಿಚಾರವನ್ನು ಪರೀಕ್ಷೆಗೆ ಒಳಪಡಿಸಿ ತರುಣರಲ್ಲಿ ನಾಲ್ಕು ಸ್ಥಿತಿಗಳನ್ನು ಗುರುತಿಸಿದರು. ಅರಸಿ ಕಂಡುಕೊಂಡವರು ಕೆಲವರು. ಇನ್ನೂ ಅರಸುತ್ತಿರುವವರು ಕೆಲವರು. ಅರಸುವ ಗೋಜಿಗೇ ಹೋಗದೆ ದಿಕ್ಕಿಲ್ಲದೆ ಇರುವವರು ಕೆಲವರು. ನಾಲ್ಕನೆಯವರು ತಾವಾಗಿ ಅರಸದೆ ಹಿರಿಯರು ಕೊಟ್ಟುದನ್ನು ಹಾಗೆಯೇ ಹೊದ್ದುಕೊಂಡವರು. ಹೊರನೋಟಕ್ಕೆ ಇವರು ನೆಲೆ ಕಂಡವರಂತೆಯೇ ತೋರುವರು. ಮಗನು ಎದುರಾಡದೆ ಒಪ್ಪಿದನೆಂದು ಹಿಗ್ಗುವ ತಂದೆಯು, ಆ ಒಪ್ಪಿಗೆಯು ಅರಿವಿನಿಂದ ಬಂದುದೋ ಅಂಜಿಕೆಯಿಂದ ಬಂದುದೋ ಎಂದು ಒಮ್ಮೆ ವಿಚಾರಿಸುವುದು ಲೇಸು.

ಪ್ರಾಯದವರ ಸಂಧಿಗಳು

ಆರನೆಯದು ಆತ್ಮೀಯತೆಗೂ ಏಕಾಕಿತನಕ್ಕೂ ಎದುರಾಗುವ ಸಂಧಿ. ತನ್ನತನವು ನೆಲೆಗೊಂಡವನು ಅದು ಕರಗಿಹೋಗುವುದೆಂಬ ಭಯವಿಲ್ಲದೆ ಮತ್ತೊಬ್ಬರೊಡನೆ ಒಂದಾಗಬಲ್ಲನು. ಮದುವೆಯಾದ ಮಾತ್ರಕ್ಕೆ ಈ ಸಂಧಿಯು ದಾಟಿತೆಂದು ತಿಳಿಯಲಾಗದು. ಒಂದೇ ಸೂರಿನಡಿ ಇಬ್ಬರು ಏಕಾಕಿಗಳು ಮೂವತ್ತು ವರ್ಷ ಬಾಳಿರುವುದುಂಟು. ಇಲ್ಲಿಯ ಬಲವು ಪ್ರೇಮ.

ಏಳನೆಯದು ಗೃಹಸ್ಥಜೀವನದ ನಡುವಯಸ್ಸಿನದು, ಎಲ್ಲಕ್ಕಿಂತಲೂ ದೀರ್ಘವಾದುದು. ಪೋಷಕಭಾವಕ್ಕೂ ಜಡತೆಗೂ ಇಲ್ಲಿ ಎದುರು. ಮುಂದಿನ ಪೀಳಿಗೆಯನ್ನು ನೆಲೆಗೊಳಿಸಿ ನಡೆಸುವ ಆಸ್ಥೆಯೇ ಪೋಷಕಭಾವ. ಮಕ್ಕಳನ್ನು ಹೆತ್ತವರೆಲ್ಲರಿಗೂ ಇದು ಬಂದಿರುವುದಿಲ್ಲ. ಹೆರದವರಿಗೆ ಇದು ಇಲ್ಲವೆಂದೂ ಅಲ್ಲ. ಶಿಷ್ಯರನ್ನು ತಿದ್ದುವ ಉಪಾಧ್ಯಾಯ, ಕಸಬನ್ನು ಕಲಿಸಿಕೊಡುವ ಕುಶಲಕರ್ಮಿ, ತನ್ನ ಕಾಲದ ಅನಂತರ ನೆರಳು ಕೊಡಲಿರುವ ಮರವನ್ನು ನೆಡುವ ರೈತ ಇವರೆಲ್ಲರೂ ಈ ಸಂಧಿಯ ಸಾಧಕರೇ. ಇದು ಸಾಧಿಸದವನು ತನ್ನನ್ನೇ ತನ್ನ ಮಗುವೆಂಬಂತೆ ಮುದ್ದಿಸಿಕೊಳ್ಳುತ್ತ ಕುಗ್ಗಿಹೋಗುವನು. ಇಲ್ಲಿ ಹುಟ್ಟುವ ಬಲವು ಕಾಳಜಿ. ಹಿರಿಯರು ಕಿರಿಯರಿಗೆ ಬೇಕಾಗಿರುವಂತೆಯೇ, ತಾವು ಬೇಕಾದವರೆನಿಸಿಕೊಳ್ಳುವುದು ಹಿರಿಯರಿಗೂ ಬೇಕಾಗಿದೆಯೆಂಬುದು ಎರಿಕ್ಸನ್ನರ ಸೂಕ್ಷ್ಮವಾದ ಅವಲೋಕನ.

ಎಂಟನೆಯದು ಮುಪ್ಪಿನದು. ಬಾಳಿನ ಸಮಗ್ರತೆಗೂ ಹತಾಶೆಗೂ ಇಲ್ಲಿ ಎದುರು. ಸಂದುಹೋದ ಬಾಳನ್ನು ಅದರ ಸರಿತಪ್ಪುಗಳೊಡನೆ ತನ್ನದೆಂದು ಒಪ್ಪಿಕೊಳ್ಳಬಲ್ಲವನಿಗೆ ಸಮಗ್ರತೆ ದೊರೆಯುವುದು. ಇನ್ನೊಮ್ಮೆ ಆರಂಭಿಸಲು ಹೊತ್ತಿಲ್ಲವೆಂದು ಕೊರಗುವವನು ಹತಾಶನಾಗುವನು. ಆ ಹತಾಶೆಯು ಹಲವು ವೇಳೆ ಎಲ್ಲರ ಮೇಲಿನ ಸಿಡುಕಾಗಿ ಹೊರಬೀಳುವುದು. ಇಲ್ಲಿಯ ಬಲವು ವಿವೇಕ. ಸಾವಿಗೆ ಹೆದರದಷ್ಟು ಸಮಗ್ರತೆಯು ಹಿರಿಯರಲ್ಲಿದ್ದರೆ ಮಕ್ಕಳು ಬಾಳಿಗೆ ಹೆದರುವುದಿಲ್ಲವೆಂಬ ಭಾವವನ್ನು ಎರಿಕ್ಸನ್ನರು ವ್ಯಕ್ತಪಡಿಸಿರುವರು. ಎಂಟನೆಯ ಸಂಧಿಯು ಹೀಗೆ ಮೊದಲನೆಯದರ ಕೈಯನ್ನು ಹಿಡಿಯುವುದು. ಅಜ್ಜನ ನೆಮ್ಮದಿಯು ಮೊಮ್ಮಗುವಿನ ಭರವಸೆಗೆ ಆಸರೆ.

ಅಹಮದಾಬಾದಿನಲ್ಲಿ

ಭಾರತಕ್ಕೂ ಈ ಸಿದ್ಧಾಂತಕ್ಕೂ ನೇರವಾದ ಸಂಬಂಧವಿದೆ. ಮಾನವನ ಜೀವನಚಕ್ರವನ್ನು ಕುರಿತ ವಿಚಾರಗೋಷ್ಠಿಯನ್ನು ನಡೆಸಿಕೊಡಲು ಎರಿಕ್ಸನ್ನರು ೧೯೬೨ರಲ್ಲಿ ಅಹಮದಾಬಾದಿಗೆ ಆಗಮಿಸಿದರು. ಬ್ರಹ್ಮಚರ್ಯ, ಗಾರ್ಹಸ್ಥ್ಯ ಮುಂತಾಗಿ ಬಾಳನ್ನು ವಿಭಾಗಿಸುವ ಭಾರತೀಯರ ಹಳೆಯ ಕಲ್ಪನೆಯು ಅಲ್ಲಿಯವರ ನೆನಪಿಗೆ ಬಂದುದು ಸಹಜವೇ. ಮುಂದೆ ಅವರ ಜೊತೆಯಲ್ಲಿ ಕೆಲಸಮಾಡಿದ ಭಾರತೀಯ ಮನೋವಿಶ್ಲೇಷಕ ಸುಧೀರ್ ಕಾಕರರು ಈ ಎರಡು ಕ್ರಮಗಳನ್ನೂ ಹೋಲಿಸಿ ಬರೆದರು.

ಆ ನಗರದಲ್ಲಿ ಎರಿಕ್ಸನ್ನರ ಗಮನವನ್ನು ಸೆಳೆದುದು ೧೯೧೮ರ ಗಿರಣಿ ಕಾರ್ಮಿಕರ ಮುಷ್ಕರ. ಕೂಲಿಯನ್ನು ನೂರಕ್ಕೆ ಮೂವತ್ತೈದರಷ್ಟು ಹೆಚ್ಚಿಸಬೇಕೆಂದು ಕಾರ್ಮಿಕರ ಬೇಡಿಕೆ. ಮಾಲಿಕರ ಕಡೆಯ ಮುಂದಾಳು ಅಂಬಾಲಾಲ ಸಾರಾಭಾಯಿ. ಕಾರ್ಮಿಕರ ಕಡೆಗೆ ನಿಂತವರಲ್ಲಿ ಅವರ ಸ್ವಂತ ಅಕ್ಕ ಅನಸೂಯಾಬೆನ್. ಕಾರ್ಮಿಕರ ಧೈರ್ಯವು ಕುಂದಿದಾಗ ಗಾಂಧೀಜಿಯವರು ಉಪವಾಸವನ್ನು ಕೈಗೊಂಡರು. ಮೂರು ದಿನಗಳಲ್ಲಿ ರಾಜಿಯಾಯಿತು. ಆಗ ಅವರಿಗೆ ನಲವತ್ತೆಂಟು ವರ್ಷ. ಏಳನೆಯ ಸಂಧಿಯಲ್ಲಿದ್ದ ಒಬ್ಬ ಮನುಷ್ಯನು ಸಾವಿರಾರು ಜನರ ಕಾಳಜಿಯನ್ನು ತನ್ನದಾಗಿಸಿಕೊಂಡ ಬಗೆಯನ್ನು ಎರಿಕ್ಸನ್ನರು ಇದರಲ್ಲಿ ಕಂಡರು. ಈ ವಿಷಯವನ್ನು ಕುರಿತ ಅವರ ‘ಗಾಂಧಿಯ ಸತ್ಯ’ ಎಂಬ ಅರ್ಥದ ಗ್ರಂಥವು ೧೯೬೯ರಲ್ಲಿ ಹೊರಬಂದು, ಮರುವರ್ಷ ಪುಲಿಟ್ಜರ್ ಪಾರಿತೋಷಕವನ್ನು ಪಡೆಯಿತು. ಗಾಂಧೀಜಿಯವರನ್ನು ಅಷ್ಟೊಂದು ಗೌರವಿಸಿದ ಆ ಗ್ರಂಥದ ನಡುವೆ ಅವರಿಗೇ ಬರೆದಂತಿರುವ ಒಂದು ಭಾಗವಿದೆ. ಲೋಕಕ್ಕೆ ಅಹಿಂಸೆಯನ್ನು ಕಲಿಸಿದವರು ಮನೆಯವರ ವಿಷಯದಲ್ಲಿ ಕೆಲವೊಮ್ಮೆ ಕಠೋರರಾದರೆಂದು ಎರಿಕ್ಸನ್ನರು ಅಲ್ಲಿ ಮುಚ್ಚುಮರೆಯಿಲ್ಲದೆ ಆಕ್ಷೇಪಿಸಿರುವರು.

ಕಾಳಜಿಗೆ ಎದುರಾದ ಪರೀಕ್ಷೆ

ಎರಿಕ್ಸನ್ನರ ಮನೆಯಲ್ಲಿಯೂ ಇಂತಹ ಒಂದು ಗಾಯವಿತ್ತು. ೧೯೪೪ರಲ್ಲಿ ಅವರಿಗೆ ನಾಲ್ಕನೆಯ ಮಗುವು ಹುಟ್ಟಿತು. ಅದು ಈಗ ಡೌನ್ ಸಿಂಡ್ರೋಮ್ ಎಂದು ಕರೆಯಲ್ಪಡುವ ಜನ್ಮಸ್ಥಿತಿಯುಳ್ಳ ಮಗು. ಅಂತಹ ಮಕ್ಕಳನ್ನು ಮನೆಗೆ ಒಯ್ಯದೆ ಪಾಲನಾಗೃಹಕ್ಕೆ ಕಳುಹಿಸುವುದೇ ಉಚಿತವೆಂದು ಆ ಕಾಲದ ವೈದ್ಯರು ಸಾಮಾನ್ಯವಾಗಿ ಸಲಹೆ ಕೊಡುತ್ತಿದ್ದರು. ಎರಿಕ್ಸನ್ನರು ಹಾಗೆಯೇ ಮಾಡಿದರು. ಉಳಿದ ಮಕ್ಕಳಿಗೆ, ಕೂಸು ಹುಟ್ಟುವಾಗಲೇ ತೀರಿಕೊಂಡಿತೆಂದು ಹೇಳಲಾಯಿತು. ಆ ಮಗನು ಸುಮಾರು ಇಪ್ಪತ್ತೊಂದು ವರ್ಷ ಬದುಕಿದ್ದು ೧೯೬೫ರಲ್ಲಿ ಮರಣ ಹೊಂದಿದನು. ವಿಶ್ವಾಸವೇ ಬಾಳಿನ ಬುನಾದಿಯೆಂದು ಜಗತ್ತಿಗೆ ಬೋಧಿಸಿದ ಗ್ರಂಥವು ರೂಪುಗೊಂಡುದು ಈ ಮೌನವು ಮನೆಯನ್ನು ಆವರಿಸಿದ್ದ ವರ್ಷಗಳಲ್ಲಿಯೇ.

ಇದನ್ನು ಹೇಳುವುದು ನಿಂದೆಗಾಗಿ ಅಲ್ಲ. ಇಪ್ಪತ್ತೊಂದನೆಯ ವರ್ಣತಂತುವಿನ ಮೂರನೆಯ ಪ್ರತಿಯಿಂದ ಈ ಸ್ಥಿತಿಯು ಉಂಟಾಗುವುದೆಂದು ತಿಳಿದುಬಂದುದು ೧೯೫೯ರಲ್ಲಿ. ಮನೆಯಲ್ಲಿ ಪ್ರೀತಿಯಿಂದ ಬೆಳೆದರೆ ಇಂತಹ ಮಕ್ಕಳೂ ನಡೆನುಡಿಗಳನ್ನು ಕಲಿತು, ಶಾಲೆಗೆ ಹೋಗಿ, ಕೆಲಸಮಾಡಿ ಬಾಳಬಲ್ಲರೆಂಬುದು ಇಂದು ಸ್ಥಿರಪಟ್ಟಿದೆ. ಆ ದಂಪತಿಗಳಿಗೆ ಅಂದು ಈ ಅರಿವು ದೊರೆತಿರಲಿಲ್ಲ. ಆದರೂ ೧೯೮೨ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ತಮ್ಮ ಸಿದ್ಧಾಂತವನ್ನು ಪರಿಷ್ಕರಿಸಿ ಬರೆದಾಗ ಎರಿಕ್ಸನ್ನರು ಕಾಳಜಿಯ ಶತ್ರುವಿಗೆ ಒಂದು ಹೆಸರನ್ನಿಟ್ಟರು: ನಿರಾಕರಣ. ಕೆಲವರನ್ನು ತನ್ನ ಕಾಳಜಿಯ ವೃತ್ತದೊಳಗೆ ಸೇರಿಸಿಕೊಳ್ಳಲು ಒಪ್ಪದಿರುವುದೇ ನಿರಾಕರಣ. ಎಲ್ಲರನ್ನೂ ಒಬ್ಬನೇ ಸಲಹಲಾರನು, ಒಂದಿಷ್ಟು ಆಯ್ಕೆಯು ಅನಿವಾರ್ಯ. ಆದರೆ ಯಾರನ್ನು ಹೊರಗಿಟ್ಟೆವು, ಏಕೆ ಹೊರಗಿಟ್ಟೆವು ಎಂಬ ಪ್ರಶ್ನೆಯಿಂದ ಪ್ರಾಯದವರಿಗೆ ಬಿಡುಗಡೆಯಿಲ್ಲ.

ಈ ಸಿದ್ಧಾಂತಕ್ಕೆ ಬಂದ ಆಕ್ಷೇಪಣೆಗಳೂ ಗಮನಾರ್ಹವಾಗಿವೆ. ಹಾರ್ವರ್ಡಿನಲ್ಲಿ ಎರಿಕ್ಸನ್ನರ ಜೊತೆಯಲ್ಲಿ ಪಾಠ ಹೇಳಿದ್ದ ಕ್ಯಾರೊಲ್ ಗಿಲಿಗನ್ನರು ೧೯೮೨ರಲ್ಲಿ, ಈ ಹಂತಗಳು ಪುರುಷನ ಬಾಳನ್ನೇ ಮಾದರಿಯಾಗಿ ಇಟ್ಟುಕೊಂಡಿವೆಯೆಂದು ತೋರಿಸಿದರು. ಹೆಣ್ಣುಮಕ್ಕಳಲ್ಲಿ ತನ್ನತನವೂ ಆತ್ಮೀಯತೆಯೂ ಒಂದರ ಹಿಂದೊಂದು ಬರದೆ ಒಟ್ಟಿಗೆ ಬೆಳೆಯುವುವೆಂಬುದು ಅವರ ವಾದದ ಸಾರ. ಮತ್ತೊಂದು ಕಡೆ, ೧೯೩೮ರಲ್ಲಿ ಹಾರ್ವರ್ಡಿನ ೨೬೮ ವಿದ್ಯಾರ್ಥಿಗಳಿಂದ ಆರಂಭವಾಗಿ ದಶಕಗಳ ಕಾಲ ನಡೆದು ಬಂದ ಅಧ್ಯಯನದಲ್ಲಿ ಜಾರ್ಜ್ ವೇಲಂಟರು ಏಳನೆಯ ಸಂಧಿಯ ಮಹತ್ವವನ್ನು ಕಂಡರು. ನಡುವಯಸ್ಸಿನಲ್ಲಿ ಕಿರಿಯರಿಗಾಗಿ ಬಾಳಿದವರೇ ಎಪ್ಪತ್ತರಲ್ಲಿ ಹೆಚ್ಚಾಗಿ ಸಂತೃಪ್ತರಾಗಿದ್ದರು.

ಒಂಬತ್ತನೆಯ ಸಂಧಿ

ಎರಿಕ್ಸನ್ನರು ೧೯೯೪ರಲ್ಲಿ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪತ್ನಿ ಜೋನ್ ಎರಿಕ್ಸನ್ನರು ಸಿದ್ಧಾಂತದ ರಚನೆಯಲ್ಲಿ ಆರಂಭದಿಂದಲೂ ಸಹಭಾಗಿನಿಯಾಗಿದ್ದವರು. ತಾವೂ ತೊಂಬತ್ತನ್ನು ದಾಟಿದ್ದಾಗ ಅವರು ಒಂಬತ್ತನೆಯ ಸಂಧಿಯೊಂದನ್ನು ಸೇರಿಸಿದರು. ಅದು ೧೯೯೭ರಲ್ಲಿ ಪ್ರಕಟವಾಯಿತು. ಎಂಬತ್ತರಲ್ಲಿ ತೋರುವ ಮುಪ್ಪೇ ಬೇರೆ, ತೊಂಬತ್ತರ ಮುಪ್ಪೇ ಬೇರೆಯೆಂದು ಅವರು ಅನುಭವದಿಂದ ಕಂಡಿದ್ದರು. ಕೈಕಾಲುಗಳು ಮಾತು ಕೇಳದಾದಾಗ ಮುದುಕನಿಗೆ ತನ್ನ ದೇಹದ ಮೇಲಿನ ನಂಬಿಕೆಯೇ ಹೋಗುವುದು. ಬಟ್ಟೆಯನ್ನು ಒದ್ದೆಮಾಡಿಕೊಂಡಾಗ ಎರಡು ವರ್ಷದ ಮಗುವಿನ ನಾಚಿಕೆಯು ಹಿಂತಿರುಗುವುದು. ಮಾಡಿದ ಕೆಲಸವು ನಿಧಾನವಾದಾಗ ಕೀಳರಿಮೆಯು ಕಾಡುವುದು. ಹಿಂದೆ ಗೆದ್ದ ಸಂಧಿಗಳೆಲ್ಲವೂ ಒಂದೊಂದಾಗಿ ಮತ್ತೆ ಎದುರಿಗೆ ಬಂದು ನಿಲ್ಲುವುವು. ಆಗ ಕಾಯುವುದು ಮೊದಲಿನ ವಿಶ್ವಾಸವೊಂದೇ. ಅದನ್ನು ಉಳಿಸಿಕೊಡುವ ಕೈಗಳು ಮಾತ್ರ ಈಗ ಮಕ್ಕಳವು.

ಗೃಹಸ್ಥರಿಗೆ

ಈ ವಿಷಯವನ್ನು ಓದಿದವರು ಮನೆಯವರನ್ನು ಅಳೆಯುವ ಕೋಲನ್ನಾಗಿ ಇದನ್ನು ಬಳಸಬಾರದು. ಇದು ಒಬ್ಬರನ್ನೊಬ್ಬರು ತಿಳಿಯುವ ಸಾಧನ. ಹಟ ಹಿಡಿಯುವ ಕೂಸು ಸಂಕಲ್ಪವನ್ನು ಗಳಿಸುತ್ತಿರುವುದು. ಎದುರುತ್ತರ ಕೊಡುವ ಮಗನು ನಿಷ್ಠೆಗೆ ಯೋಗ್ಯವಾದುದನ್ನು ಅರಸುತ್ತಿರುವನು. ಹೇಳಿದುದನ್ನೇ ಹೇಳುವ ಅಜ್ಜಿಯು ತನ್ನ ಬಾಳಿನ ಎಳೆಗಳನ್ನು ಒಂದುಗೂಡಿಸುತ್ತಿರುವಳು. ಆ ಮಾತನ್ನು ಹತ್ತನೆಯ ಸಲ ಕೇಳುವವನು ಆಕೆಯ ಸಮಗ್ರತೆಗೆ ನೆರವಾಗುವನು.

ನಡುವೆ ನಿಂತ ಗೃಹಸ್ಥನು ತನ್ನನ್ನೂ ಪ್ರಶ್ನಿಸಿಕೊಳ್ಳಬೇಕು. ಎಳೆಯರೂ ಮುದುಕರೂ ಅವನ ಕಾಳಜಿಯನ್ನು ಅವಲಂಬಿಸಿರುವರು. ಅವನ ಬೆಳವಣಿಗೆಯು ಅವರನ್ನು ಅವಲಂಬಿಸಿದೆ. ಊರಿನ ಕಾರ್ಯಗಳಲ್ಲಿ ಮುಂದಾಳಾಗಿ ಹೆಸರಾದವನು ಮನೆಯ ಮೂಲೆಯಲ್ಲಿರುವ ಯಾರನ್ನಾದರೂ ಮರೆತಿರುವನೇ? ಬುದ್ಧಿ ಕಡಮೆಯೆಂದು ಬದಿಗಿಟ್ಟ ಮಗು, ಮಾತು ಬಿಟ್ಟ ತಮ್ಮ, ಹಾಸಿಗೆ ಹಿಡಿದ ತಾಯಿ ಇವರಲ್ಲಿ ಯಾರಾದರೂ ಅವನ ಕಾಳಜಿಯ ವೃತ್ತದ ಹೊರಗೆ ಉಳಿದಿರುವರೇ? ಉಳಿದಿದ್ದರೆ, ಅಲ್ಲಿಯೇ ಅವನ ಸಂಧಿಯಿದೆ. ಅವರನ್ನು ಒಳಗೆ ಕರೆದುಕೊಳ್ಳುವ ದಿನ ಅವನು ಒಂದು ಹೆಜ್ಜೆ ಬೆಳೆದಂತೆ. ಅದಕ್ಕೆ ಯಾವ ವಯಸ್ಸೂ ತಡವಲ್ಲ.